ನೆಲ ಡೊಂಕೋ, ಕುಣಿತವೇ ಡೊಂಕೋ?

ಈ ವರ್ಷದ ಪಾಲಕರ ಸಭೆಯಲ್ಲಿ ಅಂಕಗಳ ಮಾತಿಗಿಂತ ಕಬಡ್ಡಿಯ ಮಾತೇ ಹೆಚ್ಚು ನಡೆಯಿತು. ತಾಲೂಕು ಪಂದ್ಯಗಳಿಗಾಗಿ ಪಾಲಕರು ತಮ್ಮ ಕೈಲಾದಷ್ಟು ವಂತಿಗೆ ಕೊಟ್ಟಿದ್ದರು. ಆ ಹಣದಲ್ಲಿ ಹುಡುಗರಿಗೆ ಹೆಸರು ಅಚ್ಚು ಹಾಕಿದ ಅಂಗಿ, ಬೂಟು, ಮೊಣಕಾಲಿನ ಪಟ್ಟಿ ಎಲ್ಲವೂ ಬಂದವು. ಹುಡುಗರು ಹೊಸ ಅಂಗಿ ತೊಟ್ಟು ಹೋದರು, ಮೊದಲನೆಯ ಪಂದ್ಯದಲ್ಲಿಯೇ ಸೋತು ಮಧ್ಯಾಹ್ನದ ಬಸ್ಸಿಗೆ ಮರಳಿ ಬಂದರು. ಅವರನ್ನು ಸೋಲಿಸಿದವರು ಒಂದು ಚಿಕ್ಕ ಹಳ್ಳಿಯ ಶಾಲೆಯ ಹುಡುಗರು. ಅವರಲ್ಲಿ ಅರ್ಧಕ್ಕರ್ಧ ಜನರ ಕಾಲಲ್ಲಿ ಬೂಟೇ ಇರಲಿಲ್ಲ.

ಸಭೆಯಲ್ಲಿ ಪಾಲಕರೊಬ್ಬರು ಎದ್ದು ನಿಂತರು. ರಾತ್ರಿ ಪಾಳಿ ಮುಗಿಸಿ, ಕಾರಖಾನೆಯಿಂದ ನೆಟ್ಟಗೆ ಸಭೆಗೆ ಬಂದವರು. "ಸರ, ಬೂಟಿಗಿ ರೊಕ್ಕ ಕೊಟ್ಟೀವಿ, ಅಂಗಿಗಿ ರೊಕ್ಕ ಕೊಟ್ಟೀವಿ. ಮತ್ತ ಮೊದಲನೇ ಆಟದಾಗ ಸೋತು ಬಂದಾರಂದ್ರ ಹ್ಯಾಂಗ್ರೀ? ಇದಕ್ಕ ಜವಾಬ್ದಾರಿ ಯಾರು?" ಎಂದು ಕೇಳಿದರು. ಕ್ರೀಡಾ ಶಿಕ್ಷಕರು ತಲೆ ತಗ್ಗಿಸಿ ಕುಳಿತಿದ್ದರು. ಇನ್ನೊಬ್ಬರು ಮುಂದುವರಿದು, ಇಂಥ ಶಿಕ್ಷಕರು ನಮಗೇಕೆ ಎನ್ನುವವರೆಗೂ ಹೋದರು. ಅಂದು ನಾವು ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇವೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾವು ಶಿಕ್ಷಕರು ಮಕ್ಕಳಿಗೆ ಹೇಳಿಕೊಡುತ್ತೇವೆ, ಆದರೆ ಪಾಲಿಸುವುದು ಕಡಿಮೆ. ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ ಎಂಬುದೂ ಸುಳ್ಳಲ್ಲ. ಹಾಗಾದರೆ ಯಾವಾಗ ನೆಲವನ್ನು ದೂರಬೇಕು, ಯಾವಾಗ ಕುಣಿಯುವವರನ್ನು? ಹಣ ಕೊಟ್ಟರೆ ಗೆಲುವು ಬರಲೇಬೇಕೇ? ಹಣವಿಲ್ಲವೆಂದರೆ ಸೋಲನ್ನು ಮನ್ನಿಸಬೇಕೇ?

ಯುರೋಪಿನ ಕಾಲ್ಚೆಂಡಿನಲ್ಲಿ ಈ ವಾದ ಪ್ರತಿ ವರ್ಷವೂ ನಡೆಯುತ್ತದೆ. ಅಲ್ಲಿ ಒಂದು ಕ್ಲಬ್ಬಿನ ಆಟಗಾರನನ್ನು ಇನ್ನೊಂದು ಕ್ಲಬ್ಬು ಹಣ ಕೊಟ್ಟು ಕೊಳ್ಳುತ್ತದೆ. ತಂಡದ ಮ್ಯಾನೇಜರ್ ಸೋತಾಗಲೆಲ್ಲ "ನನಗೆ ಬೇಕಾದವರನ್ನು ಕೊಡಿಸಲಿಲ್ಲ" ಎನ್ನುತ್ತಾನೆ. ಮಾಲೀಕನು "ಇಷ್ಟು ಸುರಿದೆನಲ್ಲ" ಎನ್ನುತ್ತಾನೆ. ಅಲ್ಲಿ ಎಲ್ಲರ ಕಿಸೆಯೂ ಒಂದೇ ಅಳತೆಯದಲ್ಲ. ಆದ್ದರಿಂದ ಬಡ ಕ್ಲಬ್ಬಿನ ಮ್ಯಾನೇಜರ್ ನೆಲ ಡೊಂಕು ಎಂದರೆ ನಂಬಬಹುದು. ಅಂಥ ಡೊಂಕು ನೆಲದ ಮೇಲೆಯೇ 2016ರಲ್ಲಿ ಲೆಸ್ಟರ್ ಸಿಟಿ ಎಂಬ ಸಾಧಾರಣ ಕ್ಲಬ್ಬು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು. ವರ್ಷದ ಆರಂಭದಲ್ಲಿ ಅವರ ಮೇಲೆ ಬಾಜಿ ಕಟ್ಟಿದವರಿಗೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆಂದು ಬಾಜಿಯ ಅಂಗಡಿಯವರು ಹೇಳಿದ್ದರಂತೆ. ಇತ್ತ ಪ್ಯಾರಿಸ್ಸಿನ ಶ್ರೀಮಂತ ಕ್ಲಬ್ಬು 2017ರಲ್ಲಿ ನೇಮಾರ್ ಒಬ್ಬನಿಗೇ 22 ಕೋಟಿ 20 ಲಕ್ಷ ಯೂರೋ ತೆತ್ತಿತು. ಆಮೇಲೆ ಮೆಸ್ಸಿಯೂ ಬಂದ. ನೇಮಾರ್, ಮೆಸ್ಸಿ, ಎಂಬಾಪೆ ಮೂವರೂ ಕೂಡಿ ಆಡಿದರೂ ಯುರೋಪಿನ ದೊಡ್ಡ ಕಪ್ಪು ಸಿಗಲಿಲ್ಲ. ಮೂವರೂ ಹೊರಟುಹೋದ ಮೇಲೆ 2025ರ ಮೇ 31ರಂದು ಮ್ಯೂನಿಕ್ಕಿನಲ್ಲಿ ಅದೇ ಕ್ಲಬ್ಬು ಇಂಟರ್ ಮಿಲಾನನ್ನು 5–0ಯಿಂದ ಸೋಲಿಸಿ ಮೊದಲ ಸಲ ಆ ಕಪ್ಪನ್ನೆತ್ತಿತು.

ಪ್ಯಾರಿಸ್ ನಮಗೆ ದೂರ. ಆದರೆ ಅದಾದ ಮೂರನೆಯ ದಿನವೇ, ಜೂನ್ 3ರಂದು, ಅಹಮದಾಬಾದಿನಲ್ಲಿ ನಮ್ಮ ಬೆಂಗಳೂರು ತಂಡ ಹದಿನೆಂಟು ವರ್ಷ ಕಾಯ್ದ ಐ.ಪಿ.ಎಲ್. ಕಪ್ಪನ್ನು ಪಂಜಾಬಿನ ಮೇಲೆ 6 ರನ್ನುಗಳಿಂದ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು; ಅದನ್ನು ನೆನೆಯದೆ ಆ ಗೆಲುವಿನ ಮಾತನ್ನು ಬರೆಯಲು ನಮಗೆ ಮನಸ್ಸಾಗುವುದಿಲ್ಲ.

ಬೆಂಗಳೂರು ತಂಡದ ಕತೆ ನಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. 2008ರಲ್ಲಿ ಆ ತಂಡದ ಹಕ್ಕಿಗೆ ಮಾಲೀಕ ವಿಜಯ ಮಲ್ಯ ಕೊಟ್ಟದ್ದು 11 ಕೋಟಿ 16 ಲಕ್ಷ ಡಾಲರ್. ಎಂಟು ತಂಡಗಳಲ್ಲಿ ಎರಡನೆಯ ದೊಡ್ಡ ಬೆಲೆ. ಎಲ್ಲಕ್ಕಿಂತ ಅಗ್ಗಕ್ಕೆ, 6 ಕೋಟಿ 70 ಲಕ್ಷ ಡಾಲರಿಗೆ, ಹೋದ ತಂಡ ರಾಜಸ್ತಾನದ್ದು. ಆ ವರ್ಷ ಕಪ್ಪು ಗೆದ್ದದ್ದು ರಾಜಸ್ತಾನ. ನಾಯಕನೂ ತರಬೇತುದಾರನೂ ಆಗಿದ್ದವನು ಶೇನ್ ವಾರ್ನ್ ಒಬ್ಬನೇ. ನಮ್ಮ ಬೆಂಗಳೂರು 14 ಪಂದ್ಯಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದು ಏಳನೆಯ ಸ್ಥಾನಕ್ಕಿಳಿಯಿತು. ಆಗ ನಡೆದದ್ದೇನು? ಪಂದ್ಯಾವಳಿ ಮುಗಿಯುವ ಮೊದಲೇ ತಂಡದ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಚಾರು ಶರ್ಮಾ ಹೊರನಡೆಯಬೇಕಾಯಿತು. ಆಟಗಾರರ ಆಯ್ಕೆಯನ್ನು ನಾಯಕ ರಾಹುಲ್ ದ್ರಾವಿಡ್ ಮತ್ತು ಶರ್ಮಾ ಅವರಿಗೆ ಬಿಟ್ಟದ್ದೇ ತಪ್ಪಾಯಿತೆಂಬ ಅರ್ಥದ ಮಾತನ್ನು ಮಾಲೀಕರು ಬಹಿರಂಗವಾಗಿಯೇ ಆಡಿದರು. ಹಣ ಕೊಟ್ಟವನ ಬಾಯಲ್ಲಿ ಈ ಮಾತು ಬರುವುದು ಸಹಜ. ಆದರೆ ಮೊದಲನೆಯ ವರ್ಷದ ಒಂದೂವರೆ ತಿಂಗಳಲ್ಲಿ ಯಾರ ಯೋಗ್ಯತೆಯನ್ನು ಅಳೆಯಲಾದೀತು? ಮರುವರ್ಷ ಅದೇ ತಂಡ ಅನಿಲ್ ಕುಂಬ್ಳೆಯವರ ಕೈಯಲ್ಲಿ ಅಂತಿಮ ಪಂದ್ಯದವರೆಗೆ ಹೋಗಲಿಲ್ಲವೇ?

ಹರಾಜಿನಲ್ಲಿ ಎಲ್ಲ ತಂಡಗಳಿಗೂ ಒಂದೇ ಗಂಟು. 2025ರ ಸಾಲಿಗೆ ಹತ್ತು ತಂಡಗಳಿಗೂ ತಲಾ 120 ಕೋಟಿ. ಆದ್ದರಿಂದ ಇಲ್ಲಿ "ನನ್ನ ಬಳಿ ಹಣವಿರಲಿಲ್ಲ" ಎಂಬ ನೆಪ ನಡೆಯದು. ನಡೆಯಬಹುದಾದ ಪ್ರಶ್ನೆ ಒಂದೇ: ಇದ್ದ ಹಣವನ್ನು ಹೇಗೆ ಹಂಚಿದಿರಿ? ಬೆಂಗಳೂರು 2014ರಲ್ಲಿ ಯುವರಾಜ್ ಸಿಂಗನಿಗೆ 14 ಕೋಟಿ ಕೊಟ್ಟಿತು, ಏಳನೆಯ ಸ್ಥಾನದಲ್ಲಿ ಉಳಿಯಿತು. 2021ರಲ್ಲಿ ಕೈಲ್ ಜೇಮಿಸನ್ನನಿಗೆ 15 ಕೋಟಿ; ಮರುವರ್ಷಕ್ಕೆ ಆತ ತಂಡದಲ್ಲೇ ಇಲ್ಲ. ಕೊಂಡದ್ದಕ್ಕಿಂತ ಕೈಬಿಟ್ಟದ್ದರ ಕತೆ ಇನ್ನೂ ನೋವಿನದು. ವರ್ಷಗಟ್ಟಲೆ ಬೆಂಗಳೂರಿಗೆ ಆಡಿದ ಯಜುವೇಂದ್ರ ಚಹಲನನ್ನು ಬಿಟ್ಟುಕೊಟ್ಟರು. ಅವನು 2022ರಲ್ಲಿ ರಾಜಸ್ತಾನಕ್ಕೆ ಹೋಗಿ 27 ಹುದ್ದರಿ ಉರುಳಿಸಿ ಆ ವರ್ಷದ ಎಲ್ಲ ಬೌಲರುಗಳಿಗಿಂತ ಮುಂದೆ ನಿಂತ.

ಅದೇ 2022ರಲ್ಲಿ ಹರಾಜಿನಲ್ಲಿ ಯಾರಿಗೂ ಬೇಡವಾಗಿ ಉಳಿದ ಹುಡುಗನೊಬ್ಬನಿದ್ದ. ತಂಡದ ಒಬ್ಬನಿಗೆ ಪೆಟ್ಟಾದಾಗ ಅವನ ಜಾಗಕ್ಕೆ 20 ಲಕ್ಷಕ್ಕೆ ಕರೆಸಿದರು. ಹೆಸರು ರಜತ್ ಪಾಟೀದಾರ್. ಲಖನೌ ಎದುರಿನ ನಿರ್ಣಾಯಕ ಪಂದ್ಯದಲ್ಲಿ ಔಟಾಗದೆ 112 ಹೊಡೆದ. 2025ರಲ್ಲಿ ಕಪ್ಪನ್ನೆತ್ತಿದ ನಾಯಕನೂ ಅವನೇ. ಆ ಸಾಲಿನ ಹರಾಜಿನಲ್ಲಿ 27 ಕೋಟಿಗೆ ಹೋದ ರಿಷಭ್ ಪಂತನ ಲಖನೌ ತಂಡ ಏಳನೆಯದಾಯಿತು. 23 ಕೋಟಿ 75 ಲಕ್ಷದ ವೆಂಕಟೇಶ್ ಅಯ್ಯರನ ಕೋಲ್ಕತ್ತಾ ಎಂಟನೆಯದು. ಹಾಗೆಂದು ಹಣಕ್ಕೆ ಬೆಲೆಯೇ ಇಲ್ಲವೆನ್ನಲು ಬಾರದು. 26 ಕೋಟಿ 75 ಲಕ್ಷದ ಶ್ರೇಯಸ್ ಅಯ್ಯರ್ ಪಂಜಾಬನ್ನು ಅಂತಿಮ ಪಂದ್ಯಕ್ಕೆ ಕೊಂಡೊಯ್ದನಲ್ಲ! ಲೆಕ್ಕ ಇಷ್ಟು ಸರಳವಾಗಿದ್ದರೆ ಕ್ರೀಡೆಯನ್ನು ನೋಡುವವರೇ ಇರುತ್ತಿರಲಿಲ್ಲ.

ಹೆಣ್ಣುಮಕ್ಕಳ ಲೀಗಿನ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ನಮ್ಮ ಪಕ್ಕದ ಸಾಂಗಲಿಯಲ್ಲಿ ಬೆಳೆದ ಸ್ಮೃತಿ ಮಂಧಾನಾಳನ್ನು 2023ರಲ್ಲಿ ಬೆಂಗಳೂರು ತಂಡ 3 ಕೋಟಿ 40 ಲಕ್ಷಕ್ಕೆ ಕೊಂಡಿತು. ಆ ಹರಾಜಿನ ಅತಿ ದೊಡ್ಡ ಬೆಲೆ ಅದೇ. ಆ ವರ್ಷ ತಂಡ ಮೊದಲ ಐದು ಪಂದ್ಯಗಳನ್ನೂ ಸೋತಿತು. ಪಾಲಕರ ಸಭೆ ಇದ್ದಿದ್ದರೆ ಏನು ಮಾತು ಬರುತ್ತಿತ್ತೆಂದು ಊಹಿಸಬಹುದು. ಆದರೆ ನಾಯಕಿಯನ್ನು ತೆಗೆಯಲಿಲ್ಲ. ತರಬೇತುದಾರರು ಮಾತ್ರ ಬದಲಾದರು, ಲ್ಯೂಕ್ ವಿಲಿಯಮ್ಸ್ ಬಂದರು. 2024ರ ಮಾರ್ಚ್ 17ರಂದು ದಿಲ್ಲಿಯ ತಂಡವನ್ನು ಸೋಲಿಸಿ ಅದೇ ಸ್ಮೃತಿ ಕಪ್ಪು ಹಿಡಿದು ನಿಂತಳು. ಆ ಪಂದ್ಯದಲ್ಲಿ 12 ರನ್ನು ಕೊಟ್ಟು ನಾಲ್ಕು ಹುದ್ದರಿ ಕಿತ್ತವಳು ಕನ್ನಡತಿ ಶ್ರೇಯಾಂಕಾ ಪಾಟೀಲ. ಹರಾಜಿನಲ್ಲಿ ಅವಳ ಬೆಲೆ 10 ಲಕ್ಷ.

ನಮ್ಮ ಸೊಲ್ಲಾಪುರ ಜಿಲ್ಲೆಯವಳೇ ಆದ ಕಿರಣ ನವಗಿರೆಯ ಮಾತನ್ನೂ ಇಲ್ಲಿ ಹೇಳದಿದ್ದರೆ ನಮಗೆ ಸಮಾಧಾನವಿಲ್ಲ. 2023ರಲ್ಲಿ ಉತ್ತರ ಪ್ರದೇಶದ ತಂಡಕ್ಕೆ 30 ಲಕ್ಷಕ್ಕೆ ಹೋದಳು. ಬ್ಯಾಟಿನ ಮೇಲೆ ತಮ್ಮ ಹೆಸರು ಅಂಟಿಸಿ ಹಣ ಕೊಡುವ ಕಂಪನಿಯೊಂದೂ ಅವಳಿಗಿರಲಿಲ್ಲ. ಆ ಬರಿಯ ಬ್ಯಾಟಿನ ಮೇಲೆ ತನ್ನ ಮೆಚ್ಚಿನ ಧೋನಿಯ ಹೆಸರಿನ ಅಕ್ಷರಗಳನ್ನು ತಾನೇ ಬರೆದುಕೊಂಡು ಬಂದು, ಮೊದಲ ಪಂದ್ಯದಲ್ಲಿಯೇ ಗುಜರಾತಿನ ಎದುರು 53 ಹೊಡೆದಳು. ನಮ್ಮ ಹುಡುಗಿಯರು ಈ ಕತೆಯನ್ನು ತಿಳಿದಿರಬೇಕೆಂದೇ ಸ್ವಲ್ಪ ದಾರಿ ಬಿಟ್ಟು ಬರೆದೆವು.

ಇನ್ನು ಕಬಡ್ಡಿ. ಪ್ರೊ ಕಬಡ್ಡಿಯಲ್ಲಿ 2022ರ ಸಾಲಿಗೆ ಪವನ್ ಸೆಹ್ರಾವತನನ್ನು ತಮಿಳು ತಲೈವಾಸ್ ತಂಡ 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಅಂದಿನವರೆಗೆ ಕಬಡ್ಡಿಯಲ್ಲಿ ಅಷ್ಟು ಬೆಲೆ ಯಾರಿಗೂ ಬಂದಿರಲಿಲ್ಲ. ಇದೇ ಪವನ್ ಬೆಂಗಳೂರು ಬುಲ್ಸ್ ಪರವಾಗಿ 2019ರ ಜನವರಿಯ ಅಂತಿಮ ಪಂದ್ಯದಲ್ಲಿ 22 ಅಂಕ ತಂದು ಕಪ್ಪು ಗೆಲ್ಲಿಸಿದವನು. ಹೊಸ ತಂಡದ ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಯಿತು, ಇಡೀ ಸಾಲು ಹೊರಗೆ ಕುಳಿತ. ತಲೈವಾಸ್ ಮುಳುಗಿತೆಂದೇ ಎಲ್ಲರೂ ಅಂದುಕೊಂಡರು. ಆದರೆ ನರೇಂದರ್ ಎಂಬ ಹೊಸ ಹುಡುಗ ದಾಳಿಯ ಭಾರ ಹೊತ್ತ. ಆ ತಂಡ ತನ್ನ ಇತಿಹಾಸದಲ್ಲಿ ಮೊದಲ ಸಲ ಉಪಾಂತ್ಯ ತಲುಪಿತು. ದುಬಾರಿ ಆಟಗಾರ ಬೆಂಚಿನ ಮೇಲೆ ಕುಳಿತಿದ್ದಾಗಲೇ!

ಇದೆಲ್ಲವನ್ನೂ ಬರೆದು ಈಗ ನಮ್ಮ ಅಂಗಳಕ್ಕೆ ಬರುತ್ತೇವೆ. ಒಬ್ಬ ಗುರುವಿನ ಫಲಿತಾಂಶವನ್ನು ಅಳೆಯುವಾಗ ಎಷ್ಟು ಹಣ ಬಂತೆಂದು ಮಾತ್ರ ಕೇಳಿದರೆ ಅರ್ಧ ಕೇಳಿದಂತೆ. ಆ ಹಣ ಯಾವುದಕ್ಕೆ ಹೋಯಿತು, ಯಾರ ಮಾತಿನಂತೆ ಹೋಯಿತು, ಹುಡುಗರು ಅವರ ಕೈಗೆ ಎಷ್ಟು ಹೊತ್ತು ಸಿಕ್ಕರು ಎಂಬುದನ್ನೂ ಕೇಳಬೇಕು. ನಮ್ಮ ಕ್ರೀಡಾ ಶಿಕ್ಷಕರು ಅಂಗಿ ಕೇಳಿರಲಿಲ್ಲ. ಅಂಗಳದ ಕಲ್ಲು ತೆಗೆಸಿ ಮಣ್ಣು ಹಾಕಿಸಿಕೊಡಿ ಎಂದು ಎರಡು ಸಲ ಕೇಳಿದ್ದರು. ಅಂಗಿಯ ವಿಚಾರ ಬಂದದ್ದು ನಮ್ಮ ಬಾಯಿಂದ, ಫೋಟೋ ಚೆನ್ನಾಗಿ ಬರುತ್ತದೆಂದು. ಅವರು ಕೇಳಿದ ಇನ್ನೊಂದು ವಸ್ತು ಹಣದಿಂದ ಬರುವಂಥದ್ದಲ್ಲ: ಸಾಯಂಕಾಲದ ಒಂದು ತಾಸು. ಆ ತಾಸನ್ನು ಕಸಿದುಕೊಂಡವರು ಬೇರೆ ಯಾರೂ ಅಲ್ಲ, ಈ ಲೇಖನ ಬರೆಯುತ್ತಿರುವ ನಾವೇ. ಹತ್ತನೆಯ ತರಗತಿಯ ಫಲಿತಾಂಶ ಹೆಚ್ಚಬೇಕೆಂದು ಜುಲೈಯಿಂದಲೇ ಐದರಿಂದ ಆರರವರೆಗೆ ವ್ಯಾಕರಣದ ಹೆಚ್ಚಿನ ತರಗತಿ ಇಟ್ಟೆವು. ತಂಡದ ಏಳು ಹುಡುಗರಲ್ಲಿ ಐದು ಜನ ಸಂಧಿ ಸಮಾಸಗಳನ್ನು ಬಿಡಿಸುತ್ತ ನಮ್ಮೆದುರು ಕುಳಿತಿದ್ದರು. ಹೊರಗೆ ಅಂಗಳದಲ್ಲಿ ಕ್ರೀಡಾ ಶಿಕ್ಷಕರು ಇಬ್ಬರು ಹುಡುಗರೊಂದಿಗೆ ಸೀಟಿ ಹಿಡಿದು ನಿಂತಿರುತ್ತಿದ್ದರು. ಕಿಟಕಿಯಿಂದ ಅದು ನಮಗೆ ಕಾಣುತ್ತಿತ್ತು.

ಅವರಲ್ಲಿ ತಪ್ಪೇ ಇಲ್ಲವೆಂದು ನಾವು ಹೇಳುವುದಿಲ್ಲ. ಹೊಸ ಹುಡುಗರಿಗೆ ಅವಕಾಶ ಕೊಡಬಹುದಿತ್ತು. ಒಂಬತ್ತನೆಯ ತರಗತಿಯಲ್ಲಿ ಗಟ್ಟಿಮುಟ್ಟಾದವರಿದ್ದರು, ಅವರಿಗೆ ಸಾಯಂಕಾಲ ಬಿಡುವೂ ಇತ್ತು. ಹಳೆಯ ಹೆಸರುಗಳನ್ನೇ ಹಿಡಿದು ಕುಳಿತದ್ದು ಅವರ ತಪ್ಪು. ಇದನ್ನು ಅವರಿಗೂ ಹೇಳಿದ್ದೇವೆ. "ಹೌದ್ರೀ ಸರ, ಆ ಹುಡುಗರ್ನ ನೋಡಬೇಕಾಗಿತ್ತು" ಎಂದರು. ತರಗತಿಯ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನಮಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಪಾಲಕರಿಗೆ ನಮ್ಮ ವಿನಂತಿ ಇಷ್ಟೆ. ಮುಂದಿನ ಸಭೆಯಲ್ಲಿ ಪ್ರಶ್ನೆ ಕೇಳುವುದನ್ನು ಬಿಡಬೇಡಿರಿ. ನಿಮ್ಮ ಹಣ ಪಾಳಿಯ ಮೇಲೆ ಪಾಳಿ ದುಡಿದು ಬಂದದ್ದು, ಅದರ ಲೆಕ್ಕ ಕೇಳುವ ಹಕ್ಕು ನಿಮಗುಂಟು. ಆದರೆ ಆ ಪ್ರಶ್ನೆಯನ್ನು ತಲೆ ತಗ್ಗಿಸಿ ಕುಳಿತವರೊಬ್ಬರನ್ನೇ ಕೇಳಬೇಡಿರಿ. ಕನ್ನಡ ಶಿಕ್ಷಕರನ್ನೂ ಕೇಳಿರಿ.

ಬರುವ ಜೂನಿನಿಂದ ವ್ಯಾಕರಣದ ತರಗತಿಯನ್ನು ಮುಂಜಾನೆ ಪ್ರಾರ್ಥನೆಗೆ ಮೊದಲು ಇಡಬೇಕೆಂದು ಮುಖ್ಯಾಧ್ಯಾಪಕರಲ್ಲಿ ಕೇಳಿಕೊಂಡಿದ್ದೇವೆ, ಅವರು ಒಪ್ಪಿದ್ದಾರೆ. ದೂರದ ಹಳ್ಳಿಗಳಿಂದ ಬಸ್ಸಿಗೆ ಬರುವ ಮಕ್ಕಳಿಗೆ ಇದರಿಂದ ತೊಂದರೆಯಾದೀತು. ಅವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಪಾಠ ಹೇಳುತ್ತೇವೆ. ಅಂಗಳದ ಕಲ್ಲು ತೆಗೆಯುವ ಕೆಲಸ ಬೇಸಿಗೆಯ ರಜೆಯಲ್ಲಿ ನಡೆಯಲಿದೆ. ಎರಡು ಟ್ರ್ಯಾಕ್ಟರ್ ಮಣ್ಣು ತಂದುಕೊಡುತ್ತೇನೆಂದು ಅಂದು ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಿದ ಆ ಪಾಲಕರೇ ಹೇಳಿ ಕಳಿಸಿದ್ದಾರೆ.