ಮನೆಯ ನಕ್ಷೆಗೆ ತೆತ್ತ ಹಣ ದುಂದೇ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಆದರೆ ನಮ್ಮ ನಡತೆಯನ್ನು ನೋಡಿರಿ. ನಾಲ್ಕು ದಿನಕ್ಕೆ ರದ್ದಿಯಾಗುವ ಲಗ್ನಪತ್ರಿಕೆಗೆ ಸಾವಿರಾರು ರೂಪಾಯಿಗಳನ್ನು ಸಂತೋಷದಿಂದ ತೆರುತ್ತೇವೆ. ಎರಡು ತಲೆಮಾರು ಬಾಳಬೇಕಾದ ಮನೆಯ ನಕ್ಷೆಗೆ ಮಾತ್ರ ಗಂಟು ಬಿಚ್ಚಲು ಕೈ ನಡುಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ, ನಮ್ಮ ಮನೆಯ ಗೋಡೆಗಳಿಂದ ಕಲಿತವನು.

2019ರ ಆಗಸ್ಟಿನಲ್ಲಿ ಕೃಷ್ಣೆಯೂ ದೂಧಗಂಗಾ, ವೇದಗಂಗಾ ನದಿಗಳೂ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿದ್ದನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆ ಆಗಲೇ ಕುಸಿಯಿತು. ಪೂರ್ಣ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಣ ಕಂತುಕಂತಾಗಿ ಬಂತು. ತಾಲೂಕಿನ ಊರಿನಲ್ಲಿ ಎಂಜಿನಿಯರರೊಬ್ಬರು ನಕ್ಷೆಗೆಂದು 15,000 ರೂಪಾಯಿ ಕೇಳಿದರು. “ಕಾಗದದ ಮ್ಯಾಲೆ ಯಾರ ಮಲಗತಾರ?” ಎಂದು ಅಪ್ಪ ಎದ್ದು ಬಂದರು. ಗೌಂಡಿಯೂ “ನಕ್ಷೆ ಯಾಕ್ರಿ ಅಣ್ಣಾರ, ಎಲ್ಲಾ ನನ್ನ ತಲ್ಯಾಗ ಐತಿ” ಎಂದ. ಹಣ ಉಳಿಯಿತೆಂದು ನಾನೂ ಹಿಗ್ಗಿದೆ.

ಅಪ್ಪನದು ಬರಿಯ ಹಟವೆಂದು ಯಾರೂ ತಿಳಿಯಬಾರದು. ಅಜ್ಜ ಕಟ್ಟಿಸಿದ ಮನೆಗೆ ಯಾವ ನಕ್ಷೆಯಿತ್ತು? ‘ಎಷ್ಟು ಅಂಕಣದ ಮನೆ?’ ಎಂದು ಕೇಳಿದರೆ ಸಾಕು, ಇಡೀ ಮನೆ ಕಣ್ಣಿಗೆ ಕಟ್ಟುತ್ತಿತ್ತು. ತೊಲೆಯ ಉದ್ದವೇ ಕೋಣೆಯ ಅಗಲವನ್ನು ನಿರ್ಧರಿಸುತ್ತಿತ್ತು. ಹೊರಗೆ ಕಟ್ಟೆ, ಒಳಗೆ ದನ ಕಟ್ಟುವ ದಂದಕ್ಕಿ, ಅದರಾಚೆ ಪಡಸಾಲೆ, ಅಡಿಗೆಮನೆ, ಮೇಲೆ ಬೆಳಕಿಂಡಿ. ಗೌಂಡಿಗೂ ಬಡಗಿಗೂ ಮನೆಯ ಹೆಣ್ಣುಮಕ್ಕಳಿಗೂ ಇದು ಬಾಯಿಪಾಠ. ಕಂಬ, ತೊಲೆ, ಜಂತಿಗಳೆಲ್ಲ ಕಣ್ಣೆದುರಿಗೇ ಇರುತ್ತಿದ್ದುದರಿಂದ ಯಾವುದಕ್ಕೆ ಹುಳು ಹತ್ತಿದರೂ ತಿಳಿಯುತ್ತಿತ್ತು. ಆಗ ನಕ್ಷೆ ಇರಲಿಲ್ಲವೆಂದಲ್ಲ, ರೂಢಿಯೇ ನಕ್ಷೆಯಾಗಿತ್ತು.

ಸಿಮೆಂಟು ಕಾಂಕ್ರೀಟಿನ ಮನೆಯ ಮಾತು ಬೇರೆ. ಅದರ ಬಲ ಒಳಗೆ ಹೂತ ಕಬ್ಬಿಣದ ಸರಳಿನಲ್ಲಿದೆ. ಒಮ್ಮೆ ಕಾಂಕ್ರೀಟು ಸುರಿದ ಮೇಲೆ ತಪ್ಪು ಕಣ್ಣಿಗೆ ಕಾಣದು. ಎರಡು ಗೋಡೆಗಳ ಮೇಲೆ ಕೂಡ್ರುವ ಸ್ಲ್ಯಾಬಿಗೆ ನಡುಭಾಗದಲ್ಲಿ ಮುಖ್ಯ ಸರಳು ಕೆಳಮೈಯಲ್ಲಿರಬೇಕು. ಗೋಡೆಯಿಂದ ಹೊರಚಾಚಿದ ಛಜ್ಜಾಕ್ಕೆ ಅದು ಮೇಲ್ಮೈಯಲ್ಲಿರಬೇಕು. ನಮ್ಮ ಗೌಂಡಿ ಎರಡಕ್ಕೂ ಒಂದೇ ಲೆಕ್ಕ ಹಿಡಿದ. ಸೆಂಟ್ರಿಂಗ್ ಬಿಚ್ಚಿದ ವಾರದಲ್ಲಿಯೇ ಛಜ್ಜಾ ಬಿರುಕುಬಿಟ್ಟು ಜೋತುಬಿತ್ತು. ಮೆಟ್ಟಿಲಿಗೆಂದು ಮೊದಲೇ ಜಾಗ ಬಿಡದ್ದರಿಂದ ಅದು ಅಡಿಗೆಮನೆಯ ಕಿಟಕಿಯನ್ನೇ ಮುಚ್ಚಿತು. ಅವ್ವ ಇಂದಿಗೂ ಹಗಲಿನಲ್ಲಿ ದೀಪ ಹಚ್ಚಿ ರೊಟ್ಟಿ ಬಡಿಯುತ್ತಾಳೆ. ಮೇಲಾಗಿ ನಮ್ಮದು ಎರೆಭೂಮಿ. ಮಳೆಗೆ ಹಿಗ್ಗಿ ಬೇಸಿಗೆಯಲ್ಲಿ ಬಾಯಿಬಿಡುವ ನೆಲ. ಅಡಿಪಾಯ ಆ ಹಿಗ್ಗು-ಕುಗ್ಗಿನ ಪದರನ್ನು ದಾಟಿ ಇಳಿಯಬೇಕು. ನಮ್ಮದು ಇಳಿದಿರಲಿಲ್ಲ; ಎರಡನೆಯ ಬೇಸಿಗೆಗೆ ಗೋಡೆ ಸೀಳಿತು. ಒಡೆದು ಕಟ್ಟಿಸಲು ಹೋದದ್ದು 70,000 ರೂಪಾಯಿ. ಉಳಿಸಿದ್ದು 15,000!

ಹಾಗೆಂದು ನಕ್ಷೆ ಬರೆಯುವವರೆಲ್ಲರ ಪರವಾಗಿ ವಕೀಲಿ ಮಾಡಲು ನಾನು ಹೊರಟಿಲ್ಲ. ಊರನ್ನು ನೋಡದೆ, ಮಣ್ಣನ್ನು ಮುಟ್ಟದೆ, ಹೆಸರು ಬದಲಿಸಿ ಒಂದೇ ನಕ್ಷೆಯನ್ನು ಹತ್ತು ಜನರಿಗೆ ಕೊಟ್ಟರೆ ಅದು ಪರವಾನಿಗೆಯ ಕಾಗದವಾದೀತೇ ಹೊರತು ಮನೆಯ ನಕ್ಷೆಯಾಗದು. ಹಣ ಕೊಡುವವನು ಕೇಳಿ ಪಡೆಯಬೇಕು: ಕೋಣೆಗಳ ಅಳತೆ, ಅಡಿಪಾಯದ ಆಳ, ಸರಳಿನ ವಿವರ, ಕಟ್ಟುವಾಗ ಎರಡು ಸಲವಾದರೂ ಬಂದು ನೋಡುವ ಮಾತು. ತಿರುವನಂತಪುರದಲ್ಲಿ ನೆಲೆಸಿ ಕಡಿಮೆ ವೆಚ್ಚದ ಮನೆಗಳಿಗೆ ಹೆಸರಾದ ಲಾರಿ ಬೇಕರ್ (1917–2007) ಅವರು ಕೆಲಸದ ಜಾಗದಲ್ಲಿ ಗೌಂಡಿಗಳ ನಡುವೆಯೇ ನಿಂತು ಕಟ್ಟಿಸುತ್ತಿದ್ದರು. ವಿದ್ಯೆ ಹೀಗೆ ಗೌಂಡಿಯ ಬಳಿಗೆ ನಡೆದು ಬಂದರೆ ಮಾತ್ರ ಕೊಟ್ಟ ಹಣ ಸಾರ್ಥಕ.

ಆದರೂ ಹೊಳೆಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡವನಿಗೆ 15,000 ಸಣ್ಣ ಮೊತ್ತವಲ್ಲ. ಕಂತು ಬಿಡುಗಡೆಗೆ ಹಂತಹಂತದ ಛಾಯಾಚಿತ್ರ ಕೇಳಿದರು. ಅಡಿಪಾಯ ಎಷ್ಟು ಆಳವೆಂದು ನಮ್ಮನ್ನು ಯಾರೂ ಕೇಳಲಿಲ್ಲ. 5 ಲಕ್ಷ ಕೊಡುವ ಕೈ ಅದರೊಡನೆ ನಕ್ಷೆಯನ್ನೂ ಕೊಡಬೇಕೆಂಬುದೇ ನನ್ನ ವಾದ. ನಮ್ಮ ಎರೆಭೂಮಿಗೂ 2005, 2019, 2021ರ ಮಹಾಪೂರಗಳ ಮಟ್ಟಕ್ಕೂ ಹೊಂದುವ ಐದಾರು ಮಾದರಿ ನಕ್ಷೆಗಳು ಪ್ರತಿ ಗ್ರಾಮ ಪಂಚಾಯತಿಯಲ್ಲಿ ಉಚಿತವಾಗಿ ಸಿಗಲಿ. ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ; ಅಲ್ಲಿಯ ವಿದ್ಯಾರ್ಥಿಗಳು ರಜೆಯಲ್ಲಿ ಹಳ್ಳಿಗೆ ಬಂದು ಗೌಂಡಿಗೆ ಅವನ್ನು ಬಿಡಿಸಿ ತೋರಿಸಲಿ. ಕಲಾ ವಿದ್ಯಾರ್ಥಿಗಳಾದ ನಾವೂ ಸುಮ್ಮನೆ ಕೂಡ್ರಬೇಕಾಗಿಲ್ಲ, ಎನ್.ಎಸ್.ಎಸ್. ಶಿಬಿರಗಳಲ್ಲಿ ಮನೆಮನೆಗೆ ಹೋಗಿ ನಕ್ಷೆಯ ಮಾತನ್ನು ನಮ್ಮ ಆಡುನುಡಿಯಲ್ಲಿ ತಿಳಿಸಬಲ್ಲೆವು.

ಮೊನ್ನೆ ನಮ್ಮ ಕಾಕಾ ಮನೆ ಕಟ್ಟಿಸುವ ಮಾತು ತೆಗೆದರು. ಅಪ್ಪ ಹೇಳಿದರು: “ತಮ್ಮಾ, ಮೊದಲ ಕಾಗದದ ಮ್ಯಾಲೆ ಕಟ್ಟಿಸು. ಅಲ್ಲಿ ತಪ್ಪಿದ್ರ ರಬ್ಬರ ಹಚ್ಚಿ ಅಳಸಬಹುದು.” ಅಪ್ಪ 70,000 ರೂಪಾಯಿ ತೆತ್ತು ಕೊಂಡ ಈ ಮಾತನ್ನು ನಮ್ಮ ಐದೂ ತಾಲೂಕುಗಳ ಬಾಂಧವರಿಗೆ ಬಿಟ್ಟಿಯಾಗಿ ಹಂಚಬೇಕೆಂದೇ ಈ ನಾಲ್ಕು ಸಾಲು ಬರೆದಿದ್ದೇನೆ.