ತಲೆಗೆ ಪೆಟ್ಟು ಬಿದ್ದ ವಿದ್ಯಾರ್ಥಿಗಳ ಗತಿ

ಕಲಾಸಿಪಾಳ್ಯದ ಬೀದಿಗಳ ಸಂದಣಿಯನ್ನು ಅರಿಯದ ಬೆಂಗಳೂರಿಗನಿಲ್ಲ. ಊರೂರಿನ ಬಸ್ಸುಗಳೂ, ಸರಕು ಹೊತ್ತ ಲಾರಿಗಳೂ, ತರಕಾರಿ ಮಂಡಿಯ ಗಾಡಿಗಳೂ ಒಂದನ್ನೊಂದು ನೂಕುತ್ತ ಸಾಗುವ ಈ ಹಾದಿಗಳಲ್ಲಿಯೇ ಸುತ್ತಣ ಪೇಟೆಗಳ ಮಕ್ಕಳು ನಿತ್ಯವೂ ಶಾಲೆಗೆ ಹೋಗಿಬರಬೇಕು. ಇಲ್ಲಿ ಒಂದು ಮಗುವಿನ ತಲೆಗೆ ಪೆಟ್ಟು ಬಿದ್ದರೆ, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯು ಹತ್ತಿರದಲ್ಲಿಯೇ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯೂ ದೂರವಲ್ಲ. ಬೀದಿಯಿಂದ ಆಸ್ಪತ್ರೆಗೆ ದಾರಿಯುಂಟು. ಆಸ್ಪತ್ರೆಯಿಂದ ಶಾಲೆಗೆ ಹಿಂದಿರುಗುವ ದಾರಿಯನ್ನು ಮಾತ್ರ ನಾವಿನ್ನೂ ಕಟ್ಟಿಲ್ಲ. ಮಹಾಜನರೂ ಅಧಿಕಾರಿಗಳೂ ಈ ವಿಷಯಕ್ಕೆ ಲಕ್ಷ್ಯಗೊಡಬೇಕೆಂಬುದು ನಮ್ಮ ಬಿನ್ನಹ.

ಮುರಿದ ಕೈ ಎಲ್ಲರ ಕಣ್ಣಿಗೂ ಕಾಣುತ್ತದೆ; ಮಿದುಳಿನ ಗಾಯವು ಕಾಣುವುದಿಲ್ಲ. ಹೊಲಿಗೆ ಬಿಚ್ಚಿ ಕೂದಲು ಬೆಳೆದ ಮೇಲೆ ಹುಡುಗನು ಮೊದಲಿನಂತೆಯೇ ತೋರುತ್ತಾನೆ. ಆದರೆ ಬೆಳಿಗ್ಗೆ ಕಲಿತ ಪಾಠವು ಸಂಜೆಗೆ ನೆನಪಿನಲ್ಲಿ ನಿಲ್ಲದಿರಬಹುದು. ತರಗತಿಯ ಗದ್ದಲದಿಂದ ತಲೆನೋವು ಬರಬಹುದು. ಎರಡು ಪಾಠಗಳಾಗುವಷ್ಟರಲ್ಲಿ ಆಯಾಸವೂ, ಸಣ್ಣ ಮಾತಿಗೆ ಸಿಡುಕೂ ಉಂಟಾಗಬಹುದು. ಅವಧಾನ, ಸಂಯಮಗಳನ್ನು ನಡೆಸುವ ಮುಂಭಾಗದ ಮಿದುಳಿಗೆ ಏಟು ಬಿದ್ದುದರ ಫಲವಿದು. ಕಾರಣವನ್ನರಿಯದ ಉಪಾಧ್ಯಾಯರು ಅವನನ್ನು ಸೋಮಾರಿಯೆಂದೂ ಉದ್ಧಟನೆಂದೂ ಎಣಿಸುವರು. ಇನ್ನೊಂದು ತೊಡಕೂ ಉಂಟು. ಎಳೆಯ ಮಗುವಿನ ಮಿದುಳು ಇನ್ನೂ ಬೆಳೆಯುತ್ತಿರುವುದರಿಂದ, ಅದರ ನ್ಯೂನತೆಯು ಕೆಲವೊಮ್ಮೆ ವರ್ಷಗಳು ಕಳೆದು, ಮೇಲಿನ ತರಗತಿಯ ಪಾಠಗಳು ಕಠಿಣವಾದಾಗ ಹೊರಬೀಳುತ್ತದೆ. ಅಷ್ಟರಲ್ಲಿ ಆ ಹಳೆಯ ಪೆಟ್ಟು ಎಲ್ಲರಿಗೂ ಮರೆತುಹೋಗಿರುತ್ತದೆ.

ನಮ್ಮಲ್ಲಿ ಶಾಸನಗಳಿಗೆ ಕೊರತೆಯಿಲ್ಲ. ನಾಲ್ಕು ವರ್ಷ ದಾಟಿದ ಮಗುವೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಧರಿಸಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ವಿಧಿಸುತ್ತದೆ. ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಗದಿಲ್ಲದೆ ಚಿಕಿತ್ಸೆ ದೊರೆಯಬೇಕೆಂಬ ಯೋಜನೆಯನ್ನು ಕೇಂದ್ರ ಸರ್ಕಾರವು 2025ರಲ್ಲಿ ಜಾರಿಗೆ ತಂದಿತು. ಹೀಗೆ ಪೆಟ್ಟಿಗೆ ಮುಂಚಿನ ಕಾಲಕ್ಕೊಂದು ನಿಯಮ, ಪೆಟ್ಟಾದ ವಾರಕ್ಕೊಂದು ನಿಯಮ. ಎಂಟನೆಯ ದಿನದ ಯೋಚನೆ ಯಾರದು?

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಮಿದುಳಿನ ಆಘಾತವು ಆ ಪಟ್ಟಿಯಲ್ಲಿ ತನ್ನದೇ ಹೆಸರಿನಿಂದ ಸೇರಿಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮುಂತಾದ ಸೌಕರ್ಯಗಳನ್ನು ಅದೇ ಕಾಯಿದೆಯ 17ನೆಯ ಪ್ರಕರಣವು ಹೇಳುತ್ತದೆ. ಆದರೆ ನೆನಪು ಕುಂದಿದ ಬಾಲಕನು ಯಾವ ಹೆಸರಿನಡಿ ಅರ್ಜಿ ಹಾಕಬೇಕು? ಅಮೆರಿಕದಲ್ಲಿ 1990ರಲ್ಲಿಯೇ ಮಿದುಳಿನ ಆಘಾತವನ್ನು ವಿಶೇಷ ಶಿಕ್ಷಣದ ಶಾಸನದಲ್ಲಿ ಪ್ರತ್ಯೇಕವಾಗಿ ಹೆಸರಿಸಿದರು. ಅಂತಹ ವಿದ್ಯಾರ್ಥಿಯು ಶಾಲೆಯಿಂದ ಮೇಲಿನ ವ್ಯಾಸಂಗಕ್ಕೋ ಉದ್ಯೋಗಕ್ಕೋ ಸಾಗುವ ಕ್ರಮವನ್ನು ಮುಂಚಿತವಾಗಿ ಬರೆದಿಡುವ ಹೊಣೆಯನ್ನೂ ಶಾಲೆಗೆ ಹೊರಿಸಿದರು. ಪರರಲ್ಲಿರುವ ಒಳ್ಳೆಯದನ್ನು ಕಲಿಯುವುದರಿಂದ ನಮ್ಮ ಸ್ವಾಭಿಮಾನಕ್ಕೆ ಕುಂದಿಲ್ಲ.

ಶಾಸನದ ತಿದ್ದುಪಡಿಗೆ ಕಾಲ ಬೇಕು. ಮಗುವಿನ ಶಾಲೆಯ ವರ್ಷವು ಅಲ್ಲಿಯವರೆಗೆ ಕಾಯುವುದಿಲ್ಲ. ಆದುದರಿಂದ ಈಗಲೇ ಆಗತಕ್ಕ ಕೆಲಸಗಳಿವೆ. ಮೊದಲನೆಯದಾಗಿ, ಆಸ್ಪತ್ರೆಯಿಂದ ಬಿಡುಗಡೆಯಾಗುವ ಪ್ರತಿಯೊಂದು ಮಗುವಿಗೂ, ತಂದೆತಾಯಿಗಳ ಸಮ್ಮತಿ ಪಡೆದು, ಮುಖ್ಯೋಪಾಧ್ಯಾಯರ ಹೆಸರಿಗೆ ಸುಲಭವಾದ ಕನ್ನಡದಲ್ಲಿ ಒಂದು ಪತ್ರ ಕೊಡಬೇಕು: ಎಷ್ಟು ಹೊತ್ತು ಕೂರಿಸಬಹುದು, ಯಾವಾಗ ವಿಶ್ರಾಂತಿ ಕೊಡಬೇಕು, ಆಟದ ಬಯಲಿಗೆ ಎಂದಿನವರೆಗೆ ಕಳುಹಿಸಬಾರದು ಎಂಬಿಷ್ಟು ಸಾಕು. ಎರಡನೆಯದಾಗಿ, ಶಾಲೆಯವರು ಅರ್ಧ ದಿನದಿಂದ ಆರಂಭಿಸಿ ಮೆಲ್ಲಮೆಲ್ಲನೆ ಪೂರ್ಣ ದಿನಕ್ಕೆ ಏರಿಸಬೇಕು; ಪಾಠವನ್ನು ಬರೆದು ಕೊಡಬೇಕು; ಒಬ್ಬ ಉಪಾಧ್ಯಾಯರು ಅವನ ಹೊಣೆ ಹೊರಬೇಕು. ಮೂರನೆಯದಾಗಿ, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಬೇಕಾದ ನೂರಕ್ಕೆ 75ರ ಹಾಜರಿಯ ನಿಬಂಧನೆಯು ಆಸ್ಪತ್ರೆಯಲ್ಲಿ ಮಲಗಿದ್ದ ಮಗುವಿಗೆ ಅಡ್ಡಬಾರದಂತೆ ವಿದ್ಯಾ ಇಲಾಖೆಯವರು ಸ್ಪಷ್ಟವಾದ ಆಜ್ಞೆ ಹೊರಡಿಸಬೇಕು. ಕೆಲಕಾಲಕ್ಕೆ ಮಾತ್ರ ಸಲ್ಲುವ ಪ್ರಮಾಣಪತ್ರಕ್ಕೆ 2017ರ ನಿಯಮಗಳಲ್ಲಿಯೇ ಅವಕಾಶವಿರುವುದರಿಂದ ವೈದ್ಯರು ಅದನ್ನು ಉಪಯೋಗಿಸಲು ಹಿಂಜರಿಯಬಾರದು.

ಇದರಿಂದ ಸುಳ್ಳು ಅರ್ಜಿಗಳು ಹೆಚ್ಚುವುವೆಂದು ಕೆಲವರು ಆಕ್ಷೇಪಿಸಬಹುದು. ವೈದ್ಯರ ಪರೀಕ್ಷೆಯೂ ಕಾಲದ ಮಿತಿಯೂ ಇರುವಲ್ಲಿ ಆ ಭಯಕ್ಕೆ ಆಸ್ಪದ ಕಡಮೆ. ತುಂಬಿದ ತರಗತಿಯ ಉಪಾಧ್ಯಾಯರ ಹೊರೆಯು ಇನ್ನಷ್ಟು ಹೆಚ್ಚುವುದೆಂಬ ಮಾತು ನ್ಯಾಯವಾದದ್ದೇ. ಅದಕ್ಕಾಗಿಯೇ ಸಮಗ್ರ ಶಿಕ್ಷಣ ಯೋಜನೆಯ ಸಂಪನ್ಮೂಲ ಶಿಕ್ಷಕರಿಗೆ ಈ ವಿಷಯದಲ್ಲಿ ತರಬೇತಿ ಕೊಡಬೇಕೆನ್ನುತ್ತೇವೆ. ನಿಮ್ಹಾನ್ಸ್‌ನಂತಹ ಸಂಸ್ಥೆಯು ಊರೊಳಗೇ ಇರುವಾಗ ಗುರುಗಳಿಗಾಗಿ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಸ್ವರಾಜ್ಯ ಬಂದಾಗ ನಾವು ಮಕ್ಕಳನ್ನೇ ರಾಷ್ಟ್ರದ ಸಂಪತ್ತೆಂದು ಕರೆದೆವು. ವೈದ್ಯರು ಪ್ರಾಣವನ್ನು ಉಳಿಸಿ ಕೈಗಿತ್ತ ಮಗುವನ್ನು ದಡ್ಡನೆಂಬ ಹೆಸರಿಟ್ಟು ಶಾಲೆಯಿಂದ ಕಳೆದುಕೊಂಡರೆ ಆ ಮಾತು ಬರಿಯ ಮಾತಾಗಿಯೇ ಉಳಿಯುವುದು. ಆಸ್ಪತ್ರೆಯೂ ಶಾಲೆಯೂ ಸರ್ಕಾರದವೇ ಆಗಿರುವಲ್ಲಿ, ಇವೆರಡರ ನಡುವೆ ಒಂದು ಪತ್ರವೂ ಓಡಾಡದಿರುವುದಕ್ಕೆ ಯಾವ ಸಮಾಧಾನವೂ ಇಲ್ಲ. ಆರೋಗ್ಯ ಇಲಾಖೆಯವರೂ ವಿದ್ಯಾ ಇಲಾಖೆಯವರೂ ಮುಂದಿನ ಶಾಲಾ ವರ್ಷಕ್ಕೆ ಮೊದಲೇ ಒಟ್ಟಿಗೆ ಕುಳಿತು ಇದನ್ನು ಇತ್ಯರ್ಥಪಡಿಸುವರೆಂದು ಆಶಿಸುತ್ತೇವೆ.