ರಸ್ತೆ ಅಗಲ ಮಾಡಿದ್ರೆ ಆಯ್ತಾ ಸ್ವಾಮಿ?

ನಮ್ಮ ಸಾಗರದಲ್ಲಿ ಯಾರನ್ನು ಮಾತಾಡಿಸಿದರೂ ಕೊನೆಗೆ ಮಾತು ಬಂದು ನಿಲ್ಲೋದು ಟ್ರಾಫಿಕ್ಕಿನ ಹತ್ತಿರ. "ಪೇಟೆ ರೋಡು ಅಗಲ ಮಾಡದೇ ಇದು ಸರಿಹೋಗಲ್ಲ ಮಾರಾಯ್ರೆ" ಅಂತ ಒಬ್ಬರು ಹೇಳ್ತಾರೆ. ಸುತ್ತ ಕೂತ ನಾಲ್ಕು ಜನ ತಲೆ ಆಡಿಸ್ತಾರೆ. ಇನ್ನೊಂದು ರೌಂಡು ಚಹಾ ಬರುತ್ತೆ. ನಾನು ಮಾತ್ರ ತಲೆ ಆಡಿಸೋನಲ್ಲ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಓದಿ ಆಮೇಲೆ ಬಯ್ಯಿರಿ :-)

ಮೊದಲು ಒಂದು ಸಣ್ಣ ಲೆಕ್ಕ. ಎರಡು ಲೇನಿನ ರಸ್ತೆ ಅಂದರೆ ಸುಮಾರು 7 ಮೀಟರ್, ಲೇನಿಗೆ ಮೂರೂವರೆ. ಒಂದು ಕಾರು ಬದಿಗೆ ನಿಂತರೆ, ಬಾಗಿಲು ತೆಗೆಯೋ ಜಾಗ ಸೇರಿ, 2 ಮೀಟರ್ ಹೋಯ್ತು. ಎರಡೂ ಬದಿ ನಿಂತರೆ 4. ಉಳಿದದ್ದು 3 ಮೀಟರ್, ಸರಿಯಾಗಿ ಒಂದು ಲೇನೂ ಇಲ್ಲ. ಎದುರಿಂದ ಒಂದು ಬಸ್ಸು ಬಂತೋ, ಮುಗೀತು ಕತೆ. ಸರಿ, ಅಂಗಡಿಗಳನ್ನು ಒಡೆದು ರಸ್ತೆಯನ್ನು 14 ಮೀಟರ್ ಮಾಡಿದಿರಿ ಅಂತಲೇ ಇಟ್ಟುಕೊಳ್ಳೋಣ. ಜಾಗ ಇದೆಯಲ್ಲ ಅಂತ ಕಾರುಗಳು ಉದ್ದಕ್ಕೆ ನಿಲ್ಲೋದು ಬಿಟ್ಟು ಅಂಗಡಿ ಕಡೆ ಮೂತಿ ಮಾಡಿ ನಿಲ್ತವೆ. ಹಾಗೆ ನಿಲ್ಲೋಕೆ 5 ಮೀಟರ್ ಬೇಕು, ಎರಡೂ ಬದಿಗೆ 10. ಉಳಿದದ್ದು 4! ಅದರಲ್ಲೂ ಒಬ್ಬ ಮಹಾನುಭಾವ ರಿವರ್ಸ್ ತೆಗೀತಾ ಇರ್ತಾನೆ. ಒಂದು ಮೀಟರಿಗೋಸ್ಕರ ಪೇಟೆ ಒಡೀಬೇಕಾ?

"ಹಾಗೆಲ್ಲ ಅಡ್ಡಾದಿಡ್ಡಿ ನಿಲ್ಲಿಸೋಕೆ ಬಿಡಲ್ಲ" ಅಂತೀರಾ? ಹಾಗಾದರೆ ಇವತ್ತೇ ಬಿಡಬೇಡಿ. ಇವತ್ತು ಆಗದ್ದು ಜೆಸಿಬಿ ಬಂದು ಹೋದ ಮೇಲೆ ಹೇಗೆ ಆಗುತ್ತೆ? ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋ ವಾದವನ್ನೂ ಕೇಳಿದ್ದೇನೆ. ನಿಜ. ಆದರೆ ಅದನ್ನು ತಡೆಯೋದು ಗೋಡೆಯಲ್ಲ, ಗೋಡೆಯ ಮುಂದೆ ನಿಂತ ಕಾರು.

ಇನ್ನೊಂದು ಸಂಗತಿಯನ್ನು ಎಲ್ಲರೂ ಗೊಂದಲ ಮಾಡಿಕೊಳ್ತಾರೆ. ಪೇಟೆಗೆ ಬರೋ ಗಾಡಿ ಬೇರೆ, ಊರನ್ನು ಹಾದುಹೋಗೋ ಗಾಡಿ ಬೇರೆ. ಶಿವಮೊಗ್ಗ ಕಡೆಯಿಂದ ಜೋಗಕ್ಕೆ, ಹೊನ್ನಾವರಕ್ಕೆ, ಸಿಗಂದೂರಿಗೆ ಹೋಗೋರು ಬಿ.ಎಚ್. ರಸ್ತೆ ಹಿಡಿದು ನಮ್ಮೂರಿಗೇ ಬರ್ತಾರೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನ ಆಚೆ ಸಿಕ್ಕಿಕೊಂಡ ತುಮರಿ ಕಡೆಯವರಿಗೆ ಆ ಸೇತುವೆ ಬೇಕೇ ಬೇಕಿತ್ತು, ಎರಡು ಮಾತಿಲ್ಲ. ಆದರೆ ಲಾಂಚ್ ಅನ್ನೋದು ಒಂಥರಾ ಗೇಟ್ ಆಗಿತ್ತು, ಒಂದು ಸಲಕ್ಕೆ ಹಿಡಿಸಿದಷ್ಟೇ ಗಾಡಿ. ಲಾಂಚಿನ ಸರದಿಗೆ ಹೆದರಿ ಮನೆಯಲ್ಲೇ ಕೂತವರು ಈಗ ಕಾರು ತೆಗೀತಾರೆ. ದಾರಿ ಸಲೀಸಾದರೆ ಓಡಾಟ ಹೆಚ್ಚುತ್ತೆ, ಅಷ್ಟೇ. ಡ್ಯುರಾಂಟನ್ ಮತ್ತು ಟರ್ನರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ಇದನ್ನೇ ತೋರಿಸಿದರು: ಹೆದ್ದಾರಿ ಎಷ್ಟು ಬೆಳೆಯಿತೋ ಹೆಚ್ಚುಕಮ್ಮಿ ಅಷ್ಟೇ ಪ್ರಮಾಣದಲ್ಲಿ ಗಾಡಿಗಳ ಓಟವೂ ಬೆಳೆಯುತ್ತೆ.

ಹಾದುಹೋಗೋ ಗಾಡಿಗೆ ಮದ್ದು ಊರ ಹೊರಗಿನ ದಾರಿ, ಮಾರಿಕಾಂಬೆ ಗುಡಿ ಸುತ್ತಲಿನ ಪೇಟೆ ಒಡೆಯೋದಲ್ಲ. ಆ ಮದ್ದೂ ಪುಕ್ಕಟೆ ಅಲ್ಲ ಅನ್ನಿ. ಬೆಂಗಳೂರು–ಮೈಸೂರು ದಶಪಥ 2023ರಲ್ಲಿ ಚನ್ನಪಟ್ಟಣ, ರಾಮನಗರಗಳನ್ನು ಬದಿಗೆ ಬಿಟ್ಟು ಹೋದ ಮೇಲೆ ಅಲ್ಲಿನ ಗೊಂಬೆ ಅಂಗಡಿಯವರು, ಹೋಟೆಲಿನವರು ಗಿರಾಕಿ ಇಲ್ಲ ಅಂತ ಗೋಳಾಡಿದರು. ನಮ್ಮವರು ಅದನ್ನೂ ಯೋಚಿಸಿ ಹೇಳಲಿ, ಯಾವುದು ಬೇಕು ಅಂತ.

ಅಂಗಡಿ ಒಡೆಯೋದು ಅಂದರೆ ಏನು ಗೊತ್ತಾ? ಹತ್ತಡಿ ಆಳದ ಅಂಗಡಿಯಲ್ಲಿ ಆರಡಿ ಹೋದರೆ ಉಳಿದ ನಾಲ್ಕಡಿಯಲ್ಲಿ ಟೈಲರ್ ತನ್ನ ಮಿಷನ್ನು ಇಡ್ತಾನೋ, ತಾನು ಕೂರ್ತಾನೋ? 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾಲೀಕನಿಗೆ ಮಾರುಕಟ್ಟೆ ಬೆಲೆ, ಅದರ ಮೇಲೆ ಅಷ್ಟೇ ಸಾಂತ್ವನ ಧನ ಇದೆ. ಬಾಡಿಗೆಗೆ ಕೂತವನು ಮಾತ್ರ ಮೂರು ವರ್ಷದಿಂದ ಇಲ್ಲೇ ದುಡಿದು ತಿಂತಿದ್ದೆ ಅಂತ ಕಾಗದ ಹಿಡಿದು ಅಲೀಬೇಕು. ಬೀದಿ ಬದಿಯ ಹೂವಿನವಳು, ಸೊಪ್ಪಿನವಳು? ಅವರಿಗೂ 2014ರ ಕಾಯ್ದೆ ಇದೆ, ಸರ್ವೆ ಮುಗಿಯೋವರೆಗೆ ಎಬ್ಬಿಸೋ ಹಾಗಿಲ್ಲ ಅಂತ. ಚಹಾ ಕುಡಿಯೋರ ಬಾಯಲ್ಲಿ ಆ ಕಾಯ್ದೆಯ ಹೆಸರು ನಾನಂತೂ ಕೇಳಿಲ್ಲ.

ತಮಾಷೆ ಅಂದರೆ, ಉಪಾಯ ನಮ್ಮೂರಿಗೆ ಗೊತ್ತಿದೆ. ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ಬರುತ್ತೆ. ಆಗ ಗಾಡಿಗಳನ್ನು ದೂರದಲ್ಲೇ ನಿಲ್ಲಿಸಿ ನಡ್ಕೊಂಡು ಬರ್ತಾರೆ. ಅಷ್ಟು ಜನ ಅದೇ ಬೀದಿಗಳಲ್ಲಿ ಹಿಡಿಸ್ತಾರೆ, ವ್ಯಾಪಾರವೂ ಜೋರು. ದಿನಾ ಹಾಗೆ ಮಾಡಿ ಅಂತ ನಾನು ಹೇಳ್ತಿಲ್ಲ. ಪೇಟೆಯ ಒಂದು ಬದಿ ಪಾರ್ಕಿಂಗ್ ನಿಲ್ಲಿಸಿ, ಇನ್ನೊಂದು ಬದಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ತಗೊಳ್ಳಿ. ಅಡಿಕೆ, ದಿನಸಿ ಲಾರಿಗಳ ಲೋಡಿಂಗ್ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಐಆರ್‌ಸಿ ನಿಯಮದಂತೆ ಫುಟ್‌ಪಾತಿಗೆ ಅಡ್ಡಿ ಇಲ್ಲದ 1.8 ಮೀಟರ್ ಕೊಡಿ, ಆಗ ಅರ್ಧ ಕಿಲೋಮೀಟರಿಗೂ ಬೈಕ್ ತೆಗೆಯೋರು ಕಾಲಿಗೆ ಕೆಲಸ ಕೊಟ್ಟಾರು. ಇದಕ್ಕೆಲ್ಲ ಬೇಕಾದ್ದು ಬಣ್ಣ, ಸರಪಳಿ, ನಾಲ್ಕು ಜನ ಕಾವಲು.

ಇದನ್ನು ಒಂದು ಆರು ತಿಂಗಳು ಮಾಡಿ ನೋಡಿದವರು ಬಂದು "ಆಗ್ಲಿಲ್ಲ, ಅಗಲ ಮಾಡೋಣ" ಅಂದರೆ ಕೂತು ಕೇಳ್ತೀನಿ. ಯಾವ ಹೊತ್ತಲ್ಲಿ ಎಷ್ಟು ಗಾಡಿ, ಅದರಲ್ಲಿ ಹಾದುಹೋಗೋವು ಎಷ್ಟು, ನಿಂತೇ ಇರೋವು ಎಷ್ಟು ಅಂತ ಬರೆದ ಒಂದು ಹಾಳೆಯನ್ನೂ ತರಲಿ. ಅಲ್ಲಿಯವರೆಗೆ ಆ ಟೈಲರ್ ಅಂಗಡಿ ಗೋಡೆಗೆ ಕೆಂಪು ಗೀಟು ಎಳೀಬೇಡಿ.

ಶಿರಸಿ, ಪುತ್ತೂರು ಕಡೆಯವರು ಇದನ್ನು ಓದ್ತಿದ್ದರೆ ನಿಮ್ಮಲ್ಲಿ ಅಗಲ ಮಾಡಿದ ರಸ್ತೆಯಲ್ಲಿ ಈಗ ಏನು ನಿಂತಿದೆ ಅಂತ ಸ್ವಲ್ಪ ಹೇಳಿ.